ನಲವತ್ತಾರನೆಯ ಈಚಲ ಮರ

ಸಭೆಗೆ ನಮಸ್ಕಾರ. ಹೊಳೆಮ್ಮನವರಿಗೂ ಮಕ್ಕಳಿಗೂ, ಕಂಪ್ಲಿ, ಎಮ್ಮಿಗನೂರು, ಹೊಸಪೇಟೆಯಿಂದ ಕೆಲಸ ಬಿಟ್ಟು ಬಂದ ನಿಮಗೆಲ್ಲರಿಗೂ ನಮಸ್ಕಾರ. ನಾನು ಕೊಟ್ರಯ್ಯ. ಅಬ್ಕಾರಿ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್. ನಾವು ಕಳೆದುಕೊಂಡ ಪಾಲಯ್ಯ, ಹೊಳೆಮ್ಮನವರ ಯಜಮಾನ, ನನ್ನ ಕೈಕೆಳಗೆ ಹದಿನಾರು ವರ್ಷ ಪ್ಯೂನ್ ಆಗಿದ್ದ. ಹೌದು — ‘ಇದ್ದ’ ಎಂದೇ ಅನ್ನುತ್ತೇನೆ. ಅಷ್ಟು ವರ್ಷ ಏಕವಚನದಲ್ಲಿ ಕೂಗಿ, ಇವತ್ತು ಬಹುವಚನ ಹಚ್ಚಿದರೆ ಅವನೇ ನಕ್ಕುಬಿಡುತ್ತಾನೆ.

ಅವನ ಕೆಲಸ ಏನೆಂದು ಸೇಂದಿ ಇಳಿಸುವವರಿಗೆ ಗೊತ್ತು. ಉಳಿದವರಿಗಾಗಿ ಹೇಳುತ್ತೇನೆ. ಸರ್ಕಾರದ ಲೈಸೆನ್ಸ್ ಇಲ್ಲದೆ ಈಚಲ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ಲೈಸೆನ್ಸ್ ಬರೀ ಮನುಷ್ಯನಿಗಲ್ಲ — ಮರಕ್ಕೂ ಬೇಕು. ಒಂದೊಂದು ಮರಕ್ಕೆ ಒಂದೊಂದು ನಂಬರು. ಕಾಗದದಲ್ಲಿರುವ ನಂಬರೇ ಕಾಂಡದ ಮೇಲೂ ಇರಬೇಕು. ಇಲ್ಲದಿದ್ದರೆ ಜೈಲು, ಲೈಸೆನ್ಸೂ ರದ್ದು. ಆ ನಂಬರು ಹಾಕುವವನು ಪಾಲಯ್ಯ. ಬಣ್ಣದ ಡಬ್ಬಿ ಹಿಡಿದು ಹಳ್ಳದ ದಂಡೆಗೆ ಹೋಗುವುದು, ಕಾಂಡವನ್ನು ಅಂಗೈಯಗಲ ಹೆರೆಯುವುದು, ಆಮೇಲೆ ಹೀಗೆ ಕೈ ಇಟ್ಟು ಮರಕ್ಕೇ ಹೇಳುವುದು — ‘ತಡೀಯವ್ವಾ, ಅಲುಗಾಡಬ್ಯಾಡ, ನಂಬರ್ ಹಾಕ್ತೀನಿ.’

ಸೇಂದಿ ಕುಡಿಯುತ್ತಿದ್ದನೇ? ಕುಡಿಯುತ್ತಿದ್ದ. ಸಂಜೆಗೆ, ಲೈಸೆನ್ಸ್ ಇದ್ದ ಅಂಗಡಿಯಲ್ಲಿ, ದುಡ್ಡು ಕೊಟ್ಟು. ಅಬ್ಕಾರಿಯವರು ದುಡ್ಡು ಕೊಟ್ಟು ಕುಡಿಯುವುದು ಎಷ್ಟು ಅಪರೂಪ ಎಂದು ಅಂಗಡಿಯವರು ಹೇಳಬೇಕು, ನಾನಲ್ಲ. — ನಗಿರಿ, ಪರವಾಗಿಲ್ಲ.

ಈಗ ತಗಡಿನ ವಿಷಯ. ನಂಬರು ಹಾಕಲು ಇಂಗ್ಲಿಷ್ ಅಂಕಿ ಕೊರೆದ ತಗಡುಗಳಿದ್ದವು. ತಗಡು ಮರಕ್ಕೆ ಒತ್ತಿ, ಮೇಲೆ ಬಣ್ಣ ಬಳಿದರೆ ಅಂಕಿ ಮೂಡುತ್ತದೆ. ಅಂಕಿ ಹತ್ತು, ತಗಡು ಒಂಬತ್ತೇ. ಆರಕ್ಕೂ ಒಂಬತ್ತಕ್ಕೂ ಒಂದೇ — ನೆಟ್ಟಗೆ ಹಿಡಿದರೆ ಆರು, ತಲೆಕೆಳಗೆ ಹಿಡಿದರೆ ಒಂಬತ್ತು. ಹಾಗೆ ಮಾಡಿಸಿದ ಬುದ್ಧಿವಂತ ನಾನೇ.

ಸಾವಿರದ ಒಂಬೈನೂರ ಇಪ್ಪತ್ತೆಂಟನೇ ಇಸವಿ. ಎಮ್ಮಿಗನೂರು ಹಳ್ಳದಲ್ಲಿ ತಾಯಪ್ಪ ಸೇಂದಿ ಇಳಿಸುತ್ತಿದ್ದ. ಅಗೋ, ಹಿಂದೆ ಕೂತಿದ್ದಾನೆ. ಅವನ ಲೈಸೆನ್ಸ್ ನಲವತ್ತೊಂದರಿಂದ ನಲವತ್ತಾರರವರೆಗೆ, ಆರು ಮರ. ನಾನು ತಪಾಸಣೆಗೆ ಹೋದೆ. ಅವನ ಮಡಕೆ ಕಟ್ಟಿದ್ದ ಒಂದು ಮರದ ಮೇಲೆ ನಲವತ್ತೊಂಬತ್ತು ಎಂದಿತ್ತು. ಅದು ಇನ್ನೊಬ್ಬನ ಲೈಸೆನ್ಸಿನ ಮರದ ನಂಬರು. ತಾಯಪ್ಪ ಕೈಮುಗಿದ: ‘ಸಾಹೇಬ್ರ, ನಂಗ ಅಂಕಿ ಓದಾಕ ಬರಂಗಿಲ್ರಿ. ಪಾಲಯ್ಯ ತೋರಿಸಿದ ಮರಾನ ಇದು.’ ನಾನು ಕತ್ತಿ, ಮಡಕೆ ಜಪ್ತಿ ಮಾಡಿ ಕೇಸು ಬರೆದೆ. ಹತ್ತು ಹೆಜ್ಜೆ ಆಚೆ ಹೋಗಿದ್ದರೆ ಇನ್ನೊಂದು ನಲವತ್ತೊಂಬತ್ತು ಕಾಣುತ್ತಿತ್ತು. ಹೋಗಲಿಲ್ಲ. ಬಿಸಿಲಿತ್ತು, ಮುಳ್ಳಿತ್ತು, ಕೇಸು ಆಗಲೇ ಕೈಗೆ ಸಿಕ್ಕಿತ್ತು.

ವಿಚಾರಣೆಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ಪಾಲಯ್ಯ ನಮ್ಮ ಮನೆ ಬಾಗಿಲಿಗೆ ಬಂದ.

‘ಸಾಹೇಬ್ರ, ಹಳ್ಳಕ್ಕ ಹೋಗಿ ನೋಡಿ ಬಂದ್ನಿ. ಅಲ್ಲಿ ಎರಡು ನಲವತ್ತೊಂಬತ್ತು ಅದಾವ್ರಿ. ನಲವತ್ತಾರು ಇಲ್ಲೇ ಇಲ್ಲ. ತಗಡು ತಲಿಕೆಳಗ ಹಿಡ್ದೀನ್ರಿ ನಾನು.’

ಆಗ ನಾನು ಸಬ್ ಇನ್ಸ್‌ಪೆಕ್ಟರ್. ಬಡ್ತಿಯ ಕಾಗದ ಮೇಲೆ ಹೋಗಿತ್ತು. ‘ಸುಮ್ಮನಿರು. ಕೋರ್ಟಿನಲ್ಲಿ ನಂಬರು ನೀನೇ ಹಾಕಿದ್ದಾ ಎಂದು ಕೇಳುತ್ತಾರೆ, ಹೌದು ಅನ್ನು. ಮುಂದೆ ಮಾತು ಬೇಡ’ ಎಂದೆ.

‘ತಾಯಪ್ಪಗ ಜೈಲ್ ಆಗ್ತದಲ್ರೀ?’

‘ಆದರೆ ಆಗಲಿ’ ಎಂದೆ. — ಹಾಗೇ ಎಂದೆ.

ಹೊಸಪೇಟೆಯ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳಿದರು. ಪಾಲಯ್ಯ ಹೇಳಿದ: ‘ಹೌದ್ರಿ, ನಾನಾ ಹಾಕಿದ್ದು. ಆದ್ರ ತಪ್ಪು ಹಾಕೀನ್ರಿ.’ ಸೊಂಟದಿಂದ ತಗಡು ತೆಗೆದು ತೋರಿಸಿದ. ಹೀಗೆ — ಆರು. ಹೀಗೆ — ಒಂಬತ್ತು. ಜನ ಗೊಳ್ಳೆಂದು ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ‘ಇದನ್ನು ನಿನ್ನ ಸಾಹೇಬರಿಗೆ ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದರು.

ಪಾಲಯ್ಯ ನನ್ನ ಕಡೆ ನೋಡಿದ. ಆಮೇಲೆ ಅವರ ಕಡೆ ತಿರುಗಿ, ‘ತಪ್ಪಾತ್ರಿ’ ಎಂದ. ಅಷ್ಟೇ.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು: ‘ನಿಮಗೆ ಇದು ತಿಳಿದಿತ್ತೇ?’ ನಾನು ಮೇಜು ನೋಡುತ್ತ ನಿಂತೆ. ತಿಳಿದಿರಲಿಲ್ಲ ಎಂದು ಬರೆದುಕೊಂಡರು.

ತಾಯಪ್ಪ ಬಿಡುಗಡೆಯಾದ. ಪಾಲಯ್ಯನ ನೌಕರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬಿತ್ತು — ತಪ್ಪು ತಿಳಿದೂ ಮೇಲಧಿಕಾರಿಯಿಂದ ಮುಚ್ಚಿಟ್ಟ ನೌಕರ, ಎಂದು. ದಫೇದಾರನಾಗಬೇಕಿದ್ದವನು ಪ್ಯೂನ್ ಆಗಿಯೇ ನಿವೃತ್ತನಾದ. ನನಗೆ ಆರು ತಿಂಗಳಲ್ಲಿ ಬಡ್ತಿ ಬಂತು. ಅವನು ಜಗಳಕ್ಕೆ ಬರಲಿಲ್ಲ. ಮರುದಿನ ಕಚೇರಿಯಲ್ಲಿ ಅಂದದ್ದು ಇಷ್ಟು: ‘ಹೋಗ್ಲಿ ಬಿಡ್ರಿ ಸಾಹೇಬ್ರ. ತಾಯಪ್ಪ ಮನಿಗೆ ಹೋದ್ನಲ್ಲ.’

ಇದನ್ನು ಹೇಳದೆಯೇ, ಎರಡು ಒಳ್ಳೆಯ ಮಾತಾಡಿ ಕೂರೋಣವೆಂದು ಬರುವವನಿದ್ದೆ. ಆದರೆ ಮೊನ್ನೆ ಹೊಳೆಮ್ಮನವರು ಆ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಯಾರೋ ಓದಿ ಹೇಳಿದ್ದರಂತೆ. ‘ಸಾಹೇಬ್ರ, ನಮ್ಮನಿಯಾವ್ರು ಏನ್ ಮುಚ್ಚಿಟ್ಟಿದ್ರು? ನಂಗೂ ಒಂದ್ ಮಾತು ಹೇಳ್ಲಿಲ್ಲಲ್ರೀ’ ಎಂದರು. ನೀರು ಕುಡಿದು ಹೋಗಿ ಎಂದೆ.

ಹೊಳೆಮ್ಮನವರೇ — ಇಲ್ಲಿ ನೋಡಿ. ನಿಮ್ಮ ಮನೆಯವರು ಏನೂ ಮುಚ್ಚಿಡಲಿಲ್ಲ. ನನಗೆ ಹೇಳಿದ್ದರು. ನನ್ನ ಬಾಗಿಲಲ್ಲಿ ನಿಂತು ಹೇಳಿದ್ದರು. ಮುಚ್ಚಿಟ್ಟವನು ನಾನು. ಹದಿಮೂರು ವರ್ಷ ಆ ಸಾಲು ಅವರ ಹೆಸರಿನ ಮುಂದೆ ಇತ್ತು, ಇರಬೇಕಾದದ್ದು ನನ್ನ ಹೆಸರಿನ ಮುಂದೆ. ನನಗೆ ನಾಚಿಕೆಯಾಗುತ್ತಿದೆ. ಇದನ್ನೆಲ್ಲ ಬರೆದು, ರುಜು ಹಾಕಿ ಕಚೇರಿಗೆ ಕಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಅದಕ್ಕೇ ನಿಮ್ಮೆದುರಿಗೂ ಹೇಳಿದೆ.

ಸಭಿಕರೇ, ಪಾಲಯ್ಯನಿಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲೋಣ. ಮಾತಾಡಬೇಕಾದ ದಿನ ನಾನು ಸುಮ್ಮನಿದ್ದೆ. ಇವತ್ತು ಹೇಳಿಯಾಯಿತು. ಇನ್ನು ಅವನಿಗಾಗಿ ಸುಮ್ಮನಿರಬಹುದು. ದಯವಿಟ್ಟು — ಎಲ್ಲರೂ ಏಳಿ.