ಜೆಲ್ ಹಚ್ಚದ ದಿನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಕೊನೆಯ ದಿನವೂ ಇಲಿಗಳಿಗೆ ನೀರಿಟ್ಟೇ ಸಭೆಗೆ ಬಂದ ಅಕ್ಕನವರೇ, ತಿಂಡಿ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಇಪ್ಪತ್ತಾರು ವರ್ಷ ನಮ್ಮ ಪ್ರಯೋಗಾಲಯದ ಇಲಿಗಳನ್ನು ಸಾಕಿದ ಅಕ್ಕ ಇಂದು ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ಎರಡು ಮಾತಾಡಿ ಎಂದಿದ್ದಾರೆ. ಎರಡೇ ಮಾತಿನಲ್ಲಿ ಮುಗಿಸಿದ ಮೇಷ್ಟ್ರನ್ನು ನೀವು ನೋಡಿದ್ದೀರಾ?

ನಮ್ಮ ಕೆಲಸವೇನು? ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಇಲಿಯ ಮಿದುಳಿನಲ್ಲಿ ಮುಂಗಾಲು ಆಡಿಸುವ ಒಂದು ಚುಕ್ಕೆಗೆ ಗುರಿಯಿಡುವುದು, ತಲೆಬುರುಡೆ ಕೊರೆಯದೆ ಆ ಚುಕ್ಕೆಯನ್ನು ಎಚ್ಚರಿಸುವುದು. ಮಂಪರಿನಲ್ಲಿರುವ ಇಲಿಯ ತಲೆ ಬೋಳಿಸಿ, ಜೆಲ್ ಹಚ್ಚಿ, ಉಪಕರಣ ಒತ್ತಬೇಕು. ಜೆಲ್ ಇಲ್ಲದಿದ್ದರೆ ನಡುವೆ ಗಾಳಿ ನಿಂತು ಅಲೆ ಒಳಗೆ ಹೋಗುವುದೇ ಇಲ್ಲ. ನಾವು ಅಲೆ ಬಿಟ್ಟೊಡನೆ ಇಲಿಯ ಮುಂಗಾಲು ಆಡುತ್ತಿತ್ತು. ಮೂರು ವರ್ಷ ಆಡಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಪ್ರಬಂಧ ಸಿದ್ಧವಾಯಿತು.

ಅದನ್ನು ಕಳಿಸುವ ವಾರ, ಅವಸರದಲ್ಲಿ ನಾನೇ ಜೆಲ್ ಹಚ್ಚಲು ಮರೆತೆ. ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ ಹೇಳಿದರು: "ಸರ್, ಇವತ್ತು ಜೆಲ್ ಹಚ್ಚೇ ಇಲ್ಲ. ಆದ್ರೂ ಕಾಲು ಆಡ್ತಲ್ಲಾ? ಕಾಲಿಗಿಂತ ಮುಂಚೆ ಕಿವಿ ಆಡುತ್ತೆ, ನೋಡಿ. ಅದಕ್ಕೇನೋ ಕೇಳಿಸ್ತಿದೆ."

ನಾನು ಏನೆಂದೆ ಗೊತ್ತೇ? "ನೀವು ಬೋನು ತೊಳೆಯೋದು ನೋಡ್ಕೊಳ್ಳಿ" ಎಂದೆ. ಹೌದು, ಹಾಗೇ ಎಂದೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಅಕ್ಕ ಬೋನು ತೊಳೆದರು. ಮರುದಿನ ಜೆಲ್ ಡಬ್ಬಿ ಬಚ್ಚಿಟ್ಟು, "ಇನ್ನೊಂದ್ಸಲ ಹಾಗೇ ನೋಡ್ಬಿಡಿ ಸರ್. ಸುಳ್ಳಾದ್ರೆ ಬೈಯಿರಿ" ಎಂದರು. ಹತ್ತು ಇಲಿ ನೋಡಿದೆವು, ಹತ್ತೂ ಕಾಲಾಡಿಸಿದವು. ಉಪಕರಣ ಚಾಲೂ ಆಗುವಾಗಿನ ಸಣ್ಣ ಟಿಕ್ ಸದ್ದು ನಮಗೆ ಕೇಳಿಸದು, ಇಲಿಗೆ ಕೇಳಿಸುತ್ತಿತ್ತು. ಅದು ಬೆಚ್ಚಿಬೀಳುತ್ತಿತ್ತು, ಅಷ್ಟೇ. ನನ್ನ ಮೂರು ವರ್ಷ ನೀರುಪಾಲಾಯಿತು.

ಅಲೆ ನಿಧಾನವಾಗಿ ಏರುವಂತೆ ಉಪಕರಣ ತಿದ್ದಿ, ಮೊದಲಿನಿಂದ ಶುರು ಮಾಡಿದೆವು. ಸಿಕ್ಕ ಫಲಿತಾಂಶ ಚಿಕ್ಕದು. ಆದರೆ ನಿಜವಾದದ್ದು, ಜೆಲ್ ಇದ್ದರೆ ಮಾತ್ರ ಬರುವಂಥದ್ದು. ಅಕ್ಕನ ಆ ಕಣ್ಣು ಇಲ್ಲದಿದ್ದರೆ ನಾನು ಸುಳ್ಳನ್ನು ಅಚ್ಚು ಹಾಕಿಸಿ ಮೆರೆಯುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ, ತನ್ನ ತಪ್ಪನ್ನು ತಾನೇ ಹಿಡಿದ ವಿಜ್ಞಾನಿ ಎಂದು ಇದೇ ವೇದಿಕೆಯಲ್ಲಿ ನನಗೆ ಪದಕ ಕೊಟ್ಟರು. ಅಕ್ಕನ ಹೆಸರೆತ್ತದೆ ಪದಕ ತೆಗೆದುಕೊಂಡೆ. ಹಿಂದಿನ ಸಾಲಿನಲ್ಲಿ ಅಕ್ಕ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಹೋದರೆ ಹೆಂಡತಿ, "ಅಕ್ಕನ ಬಗ್ಗೆ ಹೇಳಿದ್ರಾ?" ಎಂದಳು. "ಟೈಮ್ ಸಾಲಲಿಲ್ಲ ಕಣೇ" ಎಂದೆ.

ಮೊನ್ನೆ ಆ ಪದಕ ಹಿಡಿದುಕೊಂಡು ಅಕ್ಕನ ಬಳಿ ಹೋದೆ. "ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಸರ್? ಒಂದ್ಸಲ ಎಲ್ರೆದುರು ಹೇಳಿದ್ರೆ ಸಾಕಿತ್ತು" ಎಂದರು.

ತಪ್ಪು ಹಿಡಿದವರು ಅಕ್ಕ. ನಾನಲ್ಲ. ಹೇಳಿದ್ದೇನೆ ಅಕ್ಕ, ಎಲ್ಲರೆದುರು. ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.