ಚೀಲ ಕೆಳಗಿಡಿ

ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಸಾಮಾನಿನ ಜೊತೆಗೆ ಮನುಷ್ಯರನ್ನೂ ತೂಗುತ್ತಾರೆ. ವಿಮಾನ ಸಣ್ಣದು, ಯಾರು ಎಲ್ಲಿ ಕೂರಬೇಕೆಂದು ತೂಕ ನೋಡಿಯೇ ಹೇಳುತ್ತಾರೆ. ನನ್ನ ಮುಂದೆ ಐವತ್ತು ದಾಟಿದ ಅಕ್ಕತಂಗಿಯರು ನಿಂತಿದ್ದರು. ಕದ್ದು ಕೇಳುವ ಚಟ ನನಗಿಲ್ಲ, ಸರದಿಯೇ ಅಷ್ಟು ಒತ್ತಾಗಿತ್ತು. ತಂಗಿ ತೂಗಿಸಿಕೊಂಡು ಇಳಿದಳು. ಅಕ್ಕ ಕೈಚೀಲವನ್ನು ಎದೆಗವಚಿಕೊಂಡೇ ಯಂತ್ರ ಹತ್ತಿದಳು.

“ಚೀಲ ಕೆಳಗಿಡಿ ಅಮ್ಮ,” ಎಂದ ತೂಗುವವನು.

“ಇರಲಿ ಬಿಡಪ್ಪ, ಹೇಗೂ ನನ್ನ ಜೊತೇನೇ ಬರುತ್ತಲ್ಲ.”

“ಅದನ್ನ ಬೇರೆ ತೂಗಬೇಕಮ್ಮ.”

ಚೀಲ ಕೆಳಗಿಳಿಯಿತು. ಮುಳ್ಳು ಸರ್ರನೆ ಹಿಂದಕ್ಕೆ ಬಂತು. ತಂಗಿ ಬಗ್ಗಿ ನೋಡಿದಳು.

“ಅಕ್ಕಾ, ಇಷ್ಟೇನಾ? ಹೋದ ವರ್ಷ ಇಲ್ಲೇ ನೀನು ನನಗಿಂತ ಜಾಸ್ತಿ ತೂಗಿದ್ದೆ. ಡುಮ್ಮಿ ಅಂತ ರೇಗಿಸಿದ್ದೆ ನಾನು.”

“ಮೆಷಿನ್ ಕೆಟ್ಟಿದೆ ಕಣೆ.”

“ನನಗೆ ಮಾತ್ರ ಸರಿಯಾಗಿ ತೋರಿಸ್ತಾ?”

“ದಿನಾ ವಾಕಿಂಗ್ ಹೋಗ್ತಿದೀನಿ.”

“ನೀನಾ? ಬೀದಿ ಕೊನೆ ಅಂಗಡಿಗೂ ಭಾವ ಸ್ಕೂಟರಲ್ಲಿ ಕರ್ಕೊಂಡು ಹೋಗಬೇಕು!”

ಅಕ್ಕ ಯಂತ್ರದಿಂದ ಇಳಿದು ಸ್ವೆಟರಿನ ಗುಂಡಿ ಹಾಕಿಕೊಂಡಳು.

“ಈ ಸೆಕೇಲೂ ಸ್ವೆಟರ್ ಯಾಕೆ ಅಂತ ಆಗಿಂದ ಯೋಚಿಸ್ತಿದ್ದೆ. ಡಾಕ್ಟರು ಏನಂದ್ರು?”

“ಮೆಲ್ಲಗೆ ಮಾತಾಡೆ. ವಿಮಾನ ಹೊರಟ ಮೇಲೆ ಹೇಳ್ತೀನಿ.”

“ಆ ಸದ್ದಲ್ಲಿ ನಮ್ಮ ಮಾತು ನಮಗೇ ಕೇಳಿಸಲ್ಲ!”

“ಅದಕ್ಕೇ ಕಣೆ, ಅಲ್ಲಿ ಹೇಳ್ತೀನಿ ಅಂದದ್ದು.”

ಚೀಲದ ತೂಕವೂ ಆಯಿತು. ತಂಗಿ ಬಗ್ಗಿ ಅದನ್ನು ತಾನೇ ಎತ್ತಿಕೊಂಡಳು. ತೂಗುವವನ ಕಡೆ ತಿರುಗಿದಳು.

“ತೂಕ ಎಷ್ಟಾದರೂ ಇರಲಿ, ನಮ್ಮಿಬ್ಬರನ್ನ ಅಕ್ಕಪಕ್ಕ ಕೂರಿಸಪ್ಪ. ನನ್ನ ಕಿವಿ ಇವಳ ಬಾಯಿ ಹತ್ತಿರಾನೇ ಇರಬೇಕು.”

ಅಕ್ಕನ ತೋಳು ಹಿಡಿದು ಬಾಗಿಲ ಕಡೆ ನಡೆದಳು.