ಅವ್ವ ನೋಡ್ತಿದಾಳೆ

ಕಟ್ಟುಕತೆಯಲ್ಲ ಕಣ್ರೀ, ನಮ್ಮ ಪಕ್ಕದ್ಮನೆ ಧರ್ಮೇಶನಿಗೆ ಆಗಿದ್ದು. ಲೈಟು ಹಂಗೇ ಇರ್ಲಿ, ಆರಿಸ್ಬೇಡಿ.

ಕಡೂರಲ್ಲಿ ಅವನದೊಂದು ಕಂಪ್ಯೂಟರ್ ಅಂಗಡಿ. ಕೊನೆ ಬಸ್ಸಿಗೆ ಚೌಳಹಿರಿಯೂರಲ್ಲಿ ಇಳಿದು, ಹಾಳುಬಾವಿ ದಾಟಿ ಮನೆಗೆ ನಡೀಬೇಕು. ಅವರವ್ವ ತೀರ್ಥಮ್ಮ, ಮಗ ಒಳಗೆ ಬರೋವರೆಗೂ ಚಿಲಕ ಹಾಕ್ತಿರಲಿಲ್ಲ. ಆ ಜೀವಕ್ಕೆ ಸಮಾಧಾನ ಆಗ್ಲಿ ಅಂತ ಇವನೊಂದು ಪ್ರೋಗ್ರಾಂ ಬರೆದ. ಅವ್ವ ಫೋನಲ್ಲಿ ಪೇಜ್ ತೆರೆದ್ರೆ ಸಾಕು, ಮಗ ಎಲ್ಲಿದಾನೆ ಅಂತ ಅಂಗಡಿಯ ಸರ್ವರ್ ತೋರಿಸ್ತಾ ಇರುತ್ತೆ. ಇವನ ಫೋನು 'ಟಿಣ್' ಅಂದು, 'ಅವ್ವ ನೋಡ್ತಿದಾಳೆ' ಅಂತ ಬರುತ್ತೆ. ಅವ್ವ ಪೇಜ್ ಮುಚ್ಚಿದ ತಕ್ಷಣ ಪ್ರೋಗ್ರಾಂ ನಿಲ್ಲಬೇಕು. ಇಲ್ಲಾಂದ್ರೆ ನೋಡೋರಿಲ್ಲದಿದ್ರೂ ಸುಮ್ನೆ ಓಡ್ತಾ ಸರ್ವರ್ ಸುಸ್ತಾಗುತ್ತಲ್ಲ, ಅದಕ್ಕೆ.

ತೀರ್ಥಮ್ಮ ಹೋಗ್ಬಿಟ್ರು. ಎಲೆಅಡಿಕೆ ಚೀಲದ ಜೊತೆ ಆ ಫೋನನ್ನೂ ಆಫ್ ಮಾಡಿ ಗುಂಡಿಗಿಟ್ಟು ಮಣ್ಣು ಮುಚ್ಚಿದ್ರು.

ತಿಥಿ ಆದ್ಮೇಲೆ ಮೊದಲ ಸಲ ಅಂಗಡಿಗೆ ಹೋಗಿ ಬರ್ತಿದ್ದ ರಾತ್ರಿ... ಬಾವಿ ಹತ್ರ... ಟಿಣ್.

'ಅವ್ವ ನೋಡ್ತಿದಾಳೆ.'

ಪ್ರೋಗ್ರಾಂ ತಪ್ಪು ಬರೆದಿದೀನಾ ಅಂತ ನಿಂತಲ್ಲೇ ತನ್ನ ಫೋನಲ್ಲಿ ಆ ಪೇಜ್ ತೆರೆದು ಮುಚ್ಚಿದ. ಅವನು ತೆರೆದಿದ್ದು ತಕ್ಷಣ ನಿಂತಿತು. ಅವ್ವನದು ಓಡ್ತಾನೇ ಇತ್ತು. ಅಂದ್ರೆ... ಆ ಕಡೆ ಇನ್ನೂ ಮುಚ್ಚಿಲ್ಲ. ತಾನೇ ನಿಲ್ಲಿಸಬಹುದಿತ್ತು, ಒಂದು ಬಟನ್ ಅಷ್ಟೆ. ಅವ್ವನ ಮುಖಕ್ಕೇ ಬಾಗಿಲು ಹಾಕಿದಂಗಾಗುತ್ತೆ ಅನ್ನಿಸಿ ಅಳು ಬಂತು, ಕೈ ಬರಲಿಲ್ಲ.

ಮನೇಲಿ, ತಿಥಿಗೆ ಬಂದು ಉಳಿದಿದ್ದ ಅಕ್ಕ ಮಲ್ಲಿಕಾಂಬನ ಕಿವೀಲಿ ಹೇಳಿದ.

"ಮಣ್ಣು ಹಾಕಿ ಬರುವಾಗ ಏನಂದೆ ಕಣೋ?"

"ದಿನಾ ಅಂಗಡಿಗೆ ಹೊರಡುವಾಗ ಅನ್ನಂಗೆ... ಬತ್ತೀನಿ ಕಣವ್ವ ಅಂದೆ."

"ಅಯ್ಯೋ... ಮಣ್ಣಾದೋರಿಗೆ ಹಂಗನ್ನಬಾರ್ದಪ್ಪಾ. ಕಾಯ್ತಾ ಕೂತಿರ್ತಾರೆ."

ಅವ್ವ ಮಲಗ್ತಿದ್ದ ಜಾಗದಲ್ಲಿ ಧರ್ಮೇಶ ಕುಸಿದು ಕೂತ. ಅಕ್ಕ ಕೈ ಹಿಡ್ಕೊಂಡ್ಲು. ಬಂದೆ ಅಂತ ಹೇಳಿಬಿಟ್ರೆ ಇನ್ಮೇಲೆ ತನಗಾಗಿ ಕಾಯೋರೇ ಇರಲ್ಲ, ಅದು ಅವನಿಗೆ ಗೊತ್ತಿತ್ತು.

"ಬಂದೆ ಕಣವ್ವ... ಇನ್ನ ಕಾಯ್ಬೇಡ. ಮಲಿಕ್ಕೋ."

ಫೋನಲ್ಲಿದ್ದ ಸಾಲು ಅಳಿಸಿಹೋಯ್ತು. ಪ್ರೋಗ್ರಾಂ ನಿಂತಿತ್ತು.

ಆಮೇಲೆ ಬೆನ್ನ ಹಿಂದೆ... ಠಕ್. ಚಿಲಕ ಬಿದ್ದ ಸದ್ದು. ಅಕ್ಕ ಇನ್ನೂ ಅವನ ಕೈ ಹಿಡ್ಕೊಂಡೇ ಇದ್ಲು. ಮನೇಲಿ ಬೇರೆ ಯಾರೂ ಇರಲಿಲ್ಲ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಬೆಳಿಗ್ಗೆ ಹಾಲು ಕೊಡೋಕೆ ಹೋದವನು ನಾನೇ, ಕಣ್ಣಾರೆ ನೋಡಿದೀನಿ. ಚಿಲಕದ ಮೇಲೆ ಹಸಿ ಸುಣ್ಣ ಅಂಟಿತ್ತು. ಆ ಮನೇಲಿ ಎಲೆಅಡಿಕೆ ಹಾಕ್ತಿದ್ದೋರು ತೀರ್ಥಮ್ಮ ಒಬ್ಬರೇ.